ನೆಗೆಟಿವ್ ಅಸಲು, ಫೋಟೋ ಬಡ್ಡಿ

ನಮ್ಮ ಸಮಾಜದ ಯಾವ ಹಳೆಯ ಅಂಗಡಿಗೆ ಹೋದರೂ ಗಲ್ಲಾ ಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ ಎರಡು ಮೂರು ಚಿತ್ರಗಳು ಇದ್ದೇ ಇರುತ್ತವೆ. ಒಂದು ಶ್ರವಣಬೆಳಗೊಳದ ಬಾಹುಬಲಿ ಸ್ವಾಮಿಯದು. ಇನ್ನೊಂದು ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರದು. ಮೂರನೆಯದು ಆ ಅಂಗಡಿಯನ್ನು ಹಾಕಿದ ಅಜ್ಜನದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಅಡತಿ ಅಂಗಡಿ ಇರಲಿ, ಆದೋನಿಯ ಹತ್ತಿ ಪೇಟೆ ಇರಲಿ, ವಯನಾಡಿನ ಕಾಫಿ ತೋಟದ ಮನೆಯ ಪಡಸಾಲೆ ಇರಲಿ, ಅಜ್ಜನ ವೇಷ ಸ್ವಲ್ಪ ಬದಲಾದೀತು, ಚಿತ್ರದ ಬಣ್ಣ ಮಾತ್ರ ಬದಲಾಗದು. ಎಲ್ಲವೂ ಕಪ್ಪು-ಬಿಳುಪು.

ಈ ಚಿತ್ರಗಳನ್ನು ದಿನವೂ ನೋಡುತ್ತೇವೆ. ಮಹಾವೀರ ಸ್ವಾಮಿಯ ನಿರ್ವಾಣದ ದಿನ ವಹಿ ಪೂಜೆಯ ಹೊತ್ತಿಗೆ ಧೂಳು ಒರೆಸಿ ಮಾಲೆ ಹಾಕುತ್ತೇವೆ. ಆದರೆ ಇವು ಹೇಗೆ ತಯಾರಾದವು, ಇವುಗಳ ಮೂಲ ಈಗ ಎಲ್ಲಿದೆ ಎಂದು ಕೇಳುವವರು ಕಡಿಮೆ. ಮೂಲ ಎಂದರೆ ನೆಗೆಟಿವ್. ವ್ಯಾಪಾರಸ್ಥರಾದ ನಮಗೆ ತಿಳಿಯುವ ಮಾತಿನಲ್ಲಿ ಹೇಳುವುದಾದರೆ ನೆಗೆಟಿವ್ ಅಸಲು, ಗೋಡೆಯ ಮೇಲಿನ ಫೋಟೋ ಅದರ ಬಡ್ಡಿ. ಅಸಲು ಕೈಯಲ್ಲಿದ್ದರೆ ಬಡ್ಡಿಯನ್ನು ಎಷ್ಟು ಸಲ ಬೇಕಾದರೂ ಪಡೆಯಬಹುದು. ನಾವಾದರೋ ಬಡ್ಡಿಗೆ ಚೌಕಟ್ಟು ಹಾಕಿಸಿ ಅಸಲನ್ನು ಅಟ್ಟದ ಮೇಲೆ ಮರೆತಿದ್ದೇವೆ.

ಈಗ ಕಾಲ ಮೊಬೈಲಿನದು. ಊರೂರಿನ ಸ್ಟುಡಿಯೋಗಳ ಕತ್ತಲೆ ಕೋಣೆಗಳು ಮುಚ್ಚಿ ವರ್ಷಗಳಾದವು. ಹಳೆಯ ಸ್ಟುಡಿಯೋ ಮುಚ್ಚಿದಾಗ ಒಳಗಿದ್ದ ನೆಗೆಟಿವ್ ಡಬ್ಬಿಗಳು ಗುಜರಿಗೆ ಹೋಗುತ್ತವೆ. ಹಳೆಯ ಮನೆ ಕೆಡವಿದಾಗ ನಮ್ಮ ಡಬ್ಬಿಗಳೂ ಅದೇ ದಾರಿ ಹಿಡಿಯುತ್ತವೆ. ಹೀಗೆ ಹೋಗುವ ವಸ್ತು ಏನೆಂದು ತಿಳಿದ ಮೇಲೆ ಎಸೆಯುವುದೋ ಇಟ್ಟುಕೊಳ್ಳುವುದೋ ನಿರ್ಧರಿಸೋಣ. ಅದಕ್ಕಾಗಿ ಈ ಲೇಖನ.

ಬೆಳ್ಳಿಯ ಮೇಲೆ ಬೆಳಕಿನ ಬರಹ

ಬೆಳ್ಳಿಯ ಕೆಲವು ಲವಣಗಳು ಬೆಳಕು ಬಿದ್ದರೆ ಕಪ್ಪಾಗುತ್ತವೆ. ಛಾಯಾಚಿತ್ರದ ವಿದ್ಯೆಯೆಲ್ಲ ನಿಂತಿರುವುದು ಈ ಒಂದು ಗುಣದ ಮೇಲೆ. ಕಪ್ಪಾಗಿಸುವುದು ಸುಲಭ, ಕಪ್ಪಾಗದೆ ಉಳಿದ ಲವಣವನ್ನು ತೆಗೆಯುವುದು ಕಷ್ಟವಾಗಿತ್ತು. ತೆಗೆಯದಿದ್ದರೆ ಬೆಳಕಿಗೆ ತಂದ ಕೂಡಲೆ ಚಿತ್ರವೆಲ್ಲ ಕಪ್ಪಾಗುತ್ತಿತ್ತು. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1819ರಲ್ಲೇ ಒಂದು ಉಪ್ಪು ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆ ಎಂದು ಕಂಡುಕೊಂಡಿದ್ದರು. ಅದೇ ಸ್ಟುಡಿಯೋದವರು ಹೈಪೋ ಎಂದು ಕರೆಯುವ ಸೋಡಿಯಂ ಥಯೋಸಲ್ಫೇಟ್. 1839ರಲ್ಲಿ ಫ್ರಾನ್ಸಿನ ಡಾಗೇರ್ ಮತ್ತು ಇಂಗ್ಲೆಂಡಿನ ಟಾಲ್ಬಟ್ ತಮ್ಮ ತಮ್ಮ ವಿಧಾನಗಳನ್ನು ಲೋಕಕ್ಕೆ ಸಾರಿದಾಗ ಹೈಪೋ ಕೈಗೆ ಬಂತು.

ಡಾಗೇರ್ ಚಿತ್ರ ಲೋಹದ ತಗಡಿನ ಮೇಲೆ ಒಂದೇ ಒಂದು. ಟಾಲ್ಬಟ್ ವಿಧಾನದಲ್ಲಿ ಮೊದಲು ಕಾಗದದ ಮೇಲೆ ತಿರುವುಮುರುವು ಚಿತ್ರ ಬರುತ್ತಿತ್ತು. ಬಿಳಿ ಇದ್ದದ್ದು ಕಪ್ಪು, ಕಪ್ಪು ಇದ್ದದ್ದು ಬಿಳಿ. ಅದನ್ನು ಇನ್ನೊಂದು ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದರೆ ನಿಜವಾದ ಚಿತ್ರ, ಅದೂ ಎಷ್ಟು ಪ್ರತಿ ಬೇಕಾದರೂ. ಅಸಲು ಮತ್ತು ಬಡ್ಡಿಯ ಲೆಕ್ಕ ಶುರುವಾದದ್ದು ಇಲ್ಲಿಂದ.

ಬೆಳಕು ತಾಗಿದ ಕ್ಷಣದಲ್ಲಿ ಫಿಲ್ಮಿನ ಮೇಲೆ ಏನೂ ಕಾಣುವುದಿಲ್ಲ. ಚಿತ್ರ ಅಲ್ಲಿ ಅಡಗಿ ಕುಳಿತಿರುತ್ತದೆ. ತಿಂಗಳುಗಳ ನಂತರ ತೊಳೆದರೂ ಡೆವಲಪರ್ ದ್ರಾವಣ ತಾಗಿದೊಡನೆ ಎದ್ದು ಬರುತ್ತದೆ. ನಮ್ಮ ಶಾಸ್ತ್ರ ಓದಿದವರಿಗೆ ಇದು ಹೊಸ ಸಂಗತಿ ಎನಿಸದು. ಬಂಧವಾದ ಕರ್ಮ ಕೂಡಲೆ ಫಲ ಕೊಡದೆ ಸತ್ತೆಯಲ್ಲಿದ್ದು ಉದಯಕಾಲದಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಪಾಠಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತೇವಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಸಿಗುವುದು ಕಷ್ಟ.

ನಮ್ಮವರೇ ಆದ ಒಬ್ಬ ಛಾಯಾಗ್ರಾಹಕ

ಈ ವಿದ್ಯೆಯಲ್ಲಿ ಭಾರತದ ಹೆಸರನ್ನು ಎತ್ತಿ ಹಿಡಿದವರಲ್ಲಿ ಮೊದಲಿಗರಾದ ಲಾಲಾ ದೀನದಯಾಳ್ ಜೈನ ಮನೆತನದವರು. ಮೀರತ್ ಹತ್ತಿರದ ಸರಧನಾ ಊರಿನ ಆಭರಣ ವ್ಯಾಪಾರಿಗಳ ಕುಟುಂಬದಲ್ಲಿ 1844ರಲ್ಲಿ ಹುಟ್ಟಿದರು. ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ ಇಂಜಿನಿಯರಿಂಗ್ ಕಲಿತು ಇಂದೂರಿನಲ್ಲಿ ಸರ್ಕಾರಿ ನೌಕರಿಯಲ್ಲಿದ್ದಾಗ ಕ್ಯಾಮೆರಾ ಹಿಡಿದರು. ಮುಂದೆ ಹೈದರಾಬಾದಿನ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾದರು. ಸಿಕಂದರಾಬಾದಿನಲ್ಲೂ ಮುಂಬಯಿಯಲ್ಲೂ ಸ್ಟುಡಿಯೋ ನಡೆಸಿದರು. ನಿಜಾಮರು ಕೊಟ್ಟ ಬಿರುದು ರಾಜಾ ಬಹದ್ದೂರ್ ಮುಸವ್ವಿರ್ ಜಂಗ್. 1905ರಲ್ಲಿ ತೀರಿಕೊಂಡರು.

ಅವರ ಕಾಲದ ಅರಮನೆ, ಕೋಟೆ, ದರ್ಬಾರುಗಳ ಚಿತ್ರಗಳನ್ನು ಇವತ್ತಿಗೂ ಹೊಸದಾಗಿ ಮುದ್ರಿಸಲು ಸಾಧ್ಯವಾಗುವುದು ಒಂದೇ ಕಾರಣಕ್ಕೆ. ಗಾಜಿನ ನೆಗೆಟಿವ್‌ಗಳಲ್ಲಿ ಒಂದು ಪಾಲು ಉಳಿಯಿತು. ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವು 1989ರಲ್ಲಿ ಅವರ 2,857 ಗಾಜಿನ ನೆಗೆಟಿವ್‌ಗಳನ್ನು ಕೊಂಡು ಕಾಪಾಡಿತು. 2006ರಲ್ಲಿ ಅಂಚೆ ಇಲಾಖೆ ಅವರ ಚೀಟಿ ಹೊರತಂದಿತು. ದೊಡ್ಡವರ ನೆಗೆಟಿವ್ ಕಾಯಲು ಸರ್ಕಾರದ ಸಂಸ್ಥೆ ಇದೆ. ನಮ್ಮ ಅಜ್ಜ ಅಜ್ಜಿಯರ ನೆಗೆಟಿವ್ ಕಾಯಬೇಕಾದವರು ನಾವೇ.

ಕತ್ತಲೆ ಕೋಣೆಯೊಳಗೆ

ಕತ್ತಲೆ ಕೋಣೆಗೆ ದೊಡ್ಡ ಜಾಗ ಬೇಕಿರಲಿಲ್ಲ. ಬಹಳ ಊರುಗಳಲ್ಲಿ ಅದು ಸ್ಟುಡಿಯೋದ ಹಿಂದಿನ ಒಂದು ಚಿಕ್ಕ ಕೋಣೆ. ಕಿಟಕಿಗೆ ಕಪ್ಪು ಬಟ್ಟೆ, ಬಾಗಿಲ ಸಂದಿಗೆ ಕಾಗದ. ಒಳಗೆ ಉರಿಯುವುದು ಒಂದು ಕೆಂಪು ದೀಪ. ಮುದ್ರಣದ ಕಾಗದಕ್ಕೆ ಕೆಂಪು ಬೆಳಕು ತಾಗುವುದಿಲ್ಲವಾದ್ದರಿಂದ ಆ ದೀಪದಲ್ಲಿ ಕೆಲಸ ಮಾಡಬಹುದು.

ಇದೇ ಗುಣ ಹಳೆಯ ನೆಗೆಟಿವ್ ಪ್ಲೇಟುಗಳಿಗೂ ಇತ್ತು. ಅವು ಕೆಂಪನ್ನು ಗುರುತಿಸುತ್ತಿರಲಿಲ್ಲ. ಆದ್ದರಿಂದಲೇ ತೀರ ಹಳೆಯ ಫೋಟೋಗಳಲ್ಲಿ ಅಜ್ಜಿಯ ಹಣೆಯ ಕುಂಕುಮ ಕಪ್ಪು ಬೊಟ್ಟಾಗಿ ಕಾಣುತ್ತದೆ, ಕೆಂಪು ಇಳಕಲ್ಲ ಸೀರೆ ಕರೀ ಸೀರೆಯಾಗುತ್ತದೆ. ಫೋಟೋ ನೋಡಿ ಅಜ್ಜಿ ಉಟ್ಟದ್ದು ಕಪ್ಪು ಸೀರೆ ಎಂದು ನಿರ್ಣಯಿಸುವ ಮೊದಲು ಈ ಮಾತನ್ನು ನೆನೆಯಬೇಕು.

ಮೇಜಿನ ಒಂದು ಬದಿಗೆ ಎನ್‌ಲಾರ್ಜರ್. ಮೇಲೆ ದೀಪ, ಅದರ ಕೆಳಗೆ ನೆಗೆಟಿವ್, ಅದರ ಕೆಳಗೆ ಲೆನ್ಸ್. ತಲೆಯನ್ನು ಮೇಲೆತ್ತಿದಷ್ಟೂ ಕೆಳಗೆ ಬೀಳುವ ಚಿತ್ರ ದೊಡ್ಡದಾಗುತ್ತದೆ, ಬೆಳಕು ತೆಳುವಾಗುತ್ತದೆ. ನೆಗೆಟಿವ್ ದೊಡ್ಡದಾಗಿದ್ದರೆ ಎನ್‌ಲಾರ್ಜರ್ ಸಹ ಬೇಡ, ಕಾಗದದ ಮೇಲೆ ನೇರವಾಗಿ ಒತ್ತಿಟ್ಟು ಬೆಳಕು ಕೊಟ್ಟರಾಯಿತು. ಅದಕ್ಕೆ ಕಾಂಟ್ಯಾಕ್ಟ್ ಪ್ರಿಂಟ್ ಎನ್ನುತ್ತಾರೆ. ಒಂದು ಕಾಲದಲ್ಲಿ ಮನೆಮನೆಗೆ ಬಂದಿದ್ದ ಅಗ್ಫಾ ಕ್ಲಿಕ್ 3 ಕ್ಯಾಮೆರಾದಲ್ಲಿ ಒಂದು ರೋಲಿಗೆ ಹನ್ನೆರಡು ಚೌಕ ಚಿತ್ರ ಬರುತ್ತಿದ್ದವು, ಒಂದೊಂದೂ ಸುಮಾರು ಆರು ಸೆಂಟಿಮೀಟರ್. ಮನೆಯ ಆಲ್ಬಂನಲ್ಲಿ ಅಂಗೈಗಿಂತ ಚಿಕ್ಕದಾದ ಚೌಕ ಫೋಟೋಗಳಿದ್ದರೆ ಅವು ಹೀಗೆ ಒತ್ತಿ ತೆಗೆದವೇ ಇರಬೇಕು.

ಮೇಜಿನ ಇನ್ನೊಂದು ಬದಿಗೆ ಸಾಲಾಗಿ ಮೂರು ತಟ್ಟೆ. ಮೊದಲನೆಯದರಲ್ಲಿ ಡೆವಲಪರ್. ಹಳೆಯ ಸ್ಟುಡಿಯೋದವರು ಅದನ್ನು ತಕ್ಕಡಿಯಲ್ಲಿ ತೂಗಿ ತಾವೇ ಕೂಡಿಸುತ್ತಿದ್ದರು. ಡಿ-72 ಎಂಬ ಪ್ರಸಿದ್ಧ ಪಾಕದ ಲೆಕ್ಕ ಹೀಗಿದೆ: ಒಂದು ಲೀಟರಿಗೆ ಮೆಟಾಲ್ 3 ಗ್ರಾಂ, ಸೋಡಿಯಂ ಸಲ್ಫೈಟ್ 45 ಗ್ರಾಂ, ಹೈಡ್ರೋಕ್ವಿನೋನ್ 12 ಗ್ರಾಂ, ಸೋಡಿಯಂ ಕಾರ್ಬೊನೇಟ್ 80 ಗ್ರಾಂ, ಪೊಟ್ಯಾಸಿಯಂ ಬ್ರೋಮೈಡ್ 2 ಗ್ರಾಂ. ಒಂದು ಪಾಲಿಗೆ ಎರಡು ಪಾಲು ನೀರು ಬೆರೆಸಿ ಬಳಸುವುದು. ನೀರು ಸೋಸಿದ್ದೇ ಆಗಬೇಕು, ಕಸ ಇದ್ದರೆ ಚಿತ್ರದ ಮೇಲೆ ಚುಕ್ಕೆ ಬೀಳುತ್ತದೆ. ಈ ಒಂದು ನಿಯಮವನ್ನು ಶ್ರಾವಕರ ಮನೆಯವರಿಗೆ ಬೇರೆ ಹೇಳಿಕೊಡಬೇಕಿಲ್ಲ. ಎರಡನೆಯ ತಟ್ಟೆಯಲ್ಲಿ ತೆಳುವಾದ ಅಸಿಟಿಕ್ ಆಮ್ಲ. ಮೂರನೆಯದರಲ್ಲಿ ಹೈಪೋ.

ಮೊದಲು ಒಂದು ಪಟ್ಟಿ ಕಾಗದದ ಪರೀಕ್ಷೆ. ಅದನ್ನು ರಟ್ಟಿನಿಂದ ಮುಚ್ಚಿಕೊಂಡು ಸ್ವಲ್ಪ ಸ್ವಲ್ಪ ಸರಿಸುತ್ತ ಒಂದು ಭಾಗಕ್ಕೆ 5 ಸೆಕೆಂಡು, ಮುಂದಿನದಕ್ಕೆ 10, ಆಮೇಲೆ 15, 20, 25 ಹೀಗೆ ಬೆಳಕು ಕೊಡುತ್ತಾರೆ. ತೊಳೆದು ನೋಡಿದರೆ ತಿಳಿಯಿಂದ ದಟ್ಟದವರೆಗೆ ಐದು ಮೆಟ್ಟಿಲು. ಸರಿಯಾದ ಮೆಟ್ಟಿಲು ಯಾವುದೆಂದು ಕಂಡ ಮೇಲೆಯೇ ಇಡೀ ಹಾಳೆಗೆ ಕೈ ಹಾಕುವುದು. ಕಾಗದ ದುಬಾರಿ. ಸ್ಯಾಂಪಲ್ ನೋಡದೆ ಮಾಲು ಕೊಳ್ಳುವ ವ್ಯಾಪಾರಿ ಉಂಟೇ?

ಬೆಳಕು ಕೊಟ್ಟ ಹಾಳೆ ಬೆಳ್ಳಗೇ ಇರುತ್ತದೆ. ಡೆವಲಪರಿಗೆ ಜಾರಿಸಿ ತಟ್ಟೆಯನ್ನು ಮೆಲ್ಲಗೆ ತೂಗುತ್ತಿದ್ದರೆ ಹದಿನೈದು ಇಪ್ಪತ್ತು ಸೆಕೆಂಡಿಗೆ ಕೋಟಿನ ಗುಂಡಿ, ಮೀಸೆ, ಕಣ್ಣು ಮೂಡುತ್ತವೆ. ಮುಖ ತುಂಬಿ ಬರಲು ಒಂದೂವರೆ ನಿಮಿಷ. ಎಷ್ಟು ವರ್ಷ ಈ ಕೆಲಸ ಮಾಡಿದವರಿಗೂ ಆ ಹೊತ್ತಿನಲ್ಲಿ ಮಾತು ನಿಲ್ಲುತ್ತಿತ್ತು. ನಂತರ ಆಮ್ಲದಲ್ಲಿ ಅರ್ಧ ನಿಮಿಷ, ಹೈಪೋದಲ್ಲಿ ಐದರಿಂದ ಹತ್ತು ನಿಮಿಷ. ಅಲ್ಲಿಗೆ ಬೆಳಕಿನ ಭಯ ಮುಗಿಯಿತು, ದೀಪ ಹಾಕಬಹುದು.

ಎರಡು ಕೈಯ ನೆರಳು

ನೆಗೆಟಿವ್ ಒಂದೇ ಆದರೂ ಇಬ್ಬರು ಕೆಲಸಗಾರರು ತೆಗೆದ ಪ್ರತಿಗಳು ಒಂದೇ ತರಹ ಇರುವುದಿಲ್ಲ. ಮಹಾಮಸ್ತಕಾಭಿಷೇಕದ ಚಿತ್ರವನ್ನೇ ತೆಗೆದುಕೊಳ್ಳಿ. 1940, 1953, 1967ರ ಅಭಿಷೇಕಗಳು ಕಪ್ಪು-ಬಿಳುಪಿನ ಕಾಲದವು. ಬಾಹುಬಲಿಯ ಭುಜದ ಮೇಲಿಂದ ಹಾಲು ಇಳಿಯುತ್ತಿದೆ ಎನ್ನಿ. ಬಿಸಿಲಿನಲ್ಲಿ ಹಾಲು ಬಲು ಬಿಳಿ. ನೆಗೆಟಿವ್‌ನಲ್ಲಿ ಆ ಭಾಗ ಬಲು ಕಪ್ಪು, ಬೆಳಕನ್ನು ದಾಟಗೊಡುವುದಿಲ್ಲ. ಎಲ್ಲ ಕಡೆಗೂ ಒಂದೇ ಸಮನೆ ಬೆಳಕು ಕೊಟ್ಟರೆ ಹಾಲಿದ್ದಲ್ಲಿ ಬರೀ ಬಿಳಿ ಕಾಗದ ಉಳಿಯುತ್ತದೆ, ಧಾರೆ ಕಾಣದು.

ಬಲ್ಲ ಕೆಲಸಗಾರ ಏನು ಮಾಡುತ್ತಾನೆ? ಮೊದಲು ಇಡೀ ಚಿತ್ರಕ್ಕೆ ಬೇಕಾದಷ್ಟು ಬೆಳಕು ಕೊಟ್ಟು, ಆಮೇಲೆ ಎರಡೂ ಕೈಗಳನ್ನು ಬೆಳಕಿಗೆ ಅಡ್ಡ ಹಿಡಿದು ಬೆರಳ ಸಂದಿಯಿಂದ ಹಾಲಿನ ಭಾಗಕ್ಕೆ ಮಾತ್ರ ಇನ್ನಷ್ಟು ಬೆಳಕು ಬಿಡುತ್ತಾನೆ. ಆಗ ಒಂದೊಂದು ಧಾರೆ ಬಿಡಿಬಿಡಿಯಾಗಿ ಮೂಡುತ್ತದೆ. ಇದಕ್ಕೆ ಬರ್ನಿಂಗ್ ಎಂದು ಹೆಸರು. ಇದಕ್ಕೆ ಎದುರಾದದ್ದು ಡಾಡ್ಜಿಂಗ್. ಬಸದಿಯ ನೆರಳಿನಲ್ಲಿ ಕುಳಿತ ಹಿರಿಯರ ಮುಖ ತೀರ ಕಪ್ಪಾಗುವಂತಿದ್ದರೆ, ತಂತಿಯ ತುದಿಗೆ ಅಂಟಿಸಿದ ರಟ್ಟಿನ ಚೂರನ್ನು ಆ ಮುಖದ ಮೇಲೆ ಕೆಲವು ಸೆಕೆಂಡು ಆಡಿಸುತ್ತಾರೆ. ರಟ್ಟು ನಿಂತಲ್ಲೇ ನಿಂತರೆ ಅಂಚು ಮೂಡುತ್ತದೆ, ಆದ್ದರಿಂದ ಕೈ ಅಲುಗುತ್ತಲೇ ಇರಬೇಕು.

ಇದರರ್ಥ ಗೋಡೆಯ ಮೇಲಿರುವ ಚಿತ್ರವೇ ಕೊನೆಯ ಮಾತಲ್ಲ. ಅಂದಿನ ಕೆಲಸಗಾರ ಮದುವೆ ಸುಗ್ಗಿಯ ಗಡಿಬಿಡಿಯಲ್ಲಿ ತೆಗೆದುಕೊಟ್ಟ ಒಂದು ಪ್ರತಿ ಅದು. ಅದರಲ್ಲಿ ಕಪ್ಪಾಗಿ ಹೋದ ಮುಖ ನೆಗೆಟಿವ್‌ನಲ್ಲಿ ಸ್ಪಷ್ಟವಾಗಿ ಇದ್ದೀತು. ಗುಂಪು ಫೋಟೋದ ಅಂಚಿನಲ್ಲಿ ಚೌಕಟ್ಟಿಗಾಗಿ ಕತ್ತರಿಸಿದ ಮನುಷ್ಯನೂ ಅಲ್ಲಿ ಇದ್ದಾನು. ಮೊಬೈಲಿನಲ್ಲಿ ಗೋಡೆಯ ಫೋಟೋ ಹಿಡಿದಿಟ್ಟುಕೊಂಡು ನೆಗೆಟಿವ್ ಎಸೆಯುವುದು, ಬಡ್ಡಿಯ ರಸೀದಿ ಇಟ್ಟುಕೊಂಡು ಅಸಲಿನ ಪತ್ರ ಹರಿದಂತೆ.

ಸಾಮಾಯಿಕದಷ್ಟು ಹೊತ್ತು ನೀರು

ಹಳೆಯ ಫೋಟೋಗಳು ಹಳದಿ ತಿರುಗುವುದಕ್ಕೆ ವಯಸ್ಸೊಂದೇ ಕಾರಣವಲ್ಲ. ಹೈಪೋ ಬೆಳ್ಳಿಯ ಉಳಿಕೆ ಲವಣವನ್ನು ಕರಗಿಸುತ್ತದೆ ನಿಜ, ಆದರೆ ತಾನು ಕಾಗದದಲ್ಲಿ ಉಳಿದರೆ ಅದರ ಗಂಧಕ ಚಿತ್ರದ ಬೆಳ್ಳಿಯನ್ನೇ ನಿಧಾನವಾಗಿ ಕೆಡಿಸುತ್ತದೆ. ಪೂಜೆಯ ಬೆಳ್ಳಿ ಪಾತ್ರೆ ಕಪ್ಪಾಗುವುದಕ್ಕೂ ಗಂಧಕವೇ ಕಾರಣ. ಆದ್ದರಿಂದ ದಪ್ಪ ಕಾಗದದ ಪ್ರತಿಯನ್ನು ಹರಿಯುವ ನೀರಿನಲ್ಲಿ ಒಂದು ಗಂಟೆ ತೊಳೆಯಬೇಕೆಂದು ಪುಸ್ತಕಗಳು ಹೇಳುತ್ತಿದ್ದವು, ಅಂದರೆ ಒಂದು ಸಾಮಾಯಿಕದ 48 ನಿಮಿಷಕ್ಕಿಂತ ಸ್ವಲ್ಪ ಹೆಚ್ಚೇ. ಪ್ಲಾಸ್ಟಿಕ್ ಲೇಪದ ಕಾಗದಕ್ಕೆ ಕೆಲವೇ ನಿಮಿಷ ಸಾಕು.

ರಾಯದುರ್ಗ, ಮಡಕಶಿರಾದಂತಹ ನೀರಿನ ಬರವಿರುವ ಸೀಮೆಯಲ್ಲಿ ಗಂಟೆಗಟ್ಟಲೆ ನಲ್ಲಿ ಬಿಡಲು ಯಾರಿಂದ ಆದೀತು? ಇದಕ್ಕೆ ದಾರಿ ಇದೆ. ನೂರು ಪಾಲು ನೀರಿಗೆ ಎರಡು ಪಾಲು ಸೋಡಿಯಂ ಸಲ್ಫೈಟ್ ಕರಗಿಸಿ ಅದರಲ್ಲಿ ಪ್ರತಿಯನ್ನು ಕೆಲವು ನಿಮಿಷ ಅದ್ದಿದರೆ ಹೈಪೋ ಬೇಗ ಬಿಡುತ್ತದೆ. ಆಮೇಲೆ ತಟ್ಟೆಯ ನೀರನ್ನು ಹಲವು ಸಲ ಬದಲಿಸಿದರಾಯಿತು. ನೀರೂ ಉಳಿಯುತ್ತದೆ, ಚಿತ್ರವೂ ಬಾಳುತ್ತದೆ. ಬಳಸಿದ ಹೈಪೋದಲ್ಲಿ ಬೆಳ್ಳಿ ಇರುವುದರಿಂದ ನೀರಿನಲ್ಲಿರುವ ಜೀವಗಳಿಗೆ ಅದು ವಿಷ. ಬಾವಿಯ ಹತ್ತಿರವಾಗಲಿ ಚರಂಡಿಗಾಗಲಿ ಚೆಲ್ಲದೆ ಕ್ಯಾನಿನಲ್ಲಿ ಕೂಡಿಟ್ಟು ಬೆಳ್ಳಿ ತೆಗೆಯುವವರಿಗೆ ಕೊಡುವುದು ಸರಿಯಾದ ಕ್ರಮ.

ನುಂಗಲಾರದ ಒಂದು ಸತ್ಯ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸತ್ಯವನ್ನು ಮುಚ್ಚಿಡುವುದು ತರವಲ್ಲ. ಬೆಳ್ಳಿಯ ಲವಣವನ್ನು ಫಿಲ್ಮಿಗೂ ಕಾಗದಕ್ಕೂ ಅಂಟಿಸುವ ವಸ್ತು ಜೆಲಾಟಿನ್. ಅದು ಪ್ರಾಣಿಗಳ, ಮುಖ್ಯವಾಗಿ ದನಗಳ, ಎಲುಬು ಮತ್ತು ಚರ್ಮದಿಂದ ಬರುವ ಅಂಟು.

ಮೊದಲಿನಿಂದಲೂ ಹೀಗಿರಲಿಲ್ಲ. 1851ರಲ್ಲಿ ಇಂಗ್ಲೆಂಡಿನ ಆರ್ಚರ್ ತಂದ ಕೊಲೋಡಿಯನ್ ಪ್ಲೇಟಿನ ಅಂಟು ಹತ್ತಿಯಿಂದ ಆದದ್ದು. ಆದರೆ ಆ ಪ್ಲೇಟು ಒದ್ದೆ ಇರುವಾಗಲೇ ಚಿತ್ರ ತೆಗೆದು ಅಲ್ಲೇ ತೊಳೆಯಬೇಕಿತ್ತು. ಆ ಕಾಲದ ಮುದ್ರಣ ಕಾಗದಕ್ಕೆ ಮೊಟ್ಟೆಯ ಬಿಳಿ ಲೋಳೆ ಬಳಿಯುತ್ತಿದ್ದರು, ಅದೂ ನಮಗೆ ಸಲ್ಲದ್ದೇ. 1871ರಲ್ಲಿ ರಿಚರ್ಡ್ ಮ್ಯಾಡಾಕ್ಸ್ ಎಂಬ ಇಂಗ್ಲಿಷ್ ವೈದ್ಯರು ಜೆಲಾಟಿನ್ ಬಳಸುವ ದಾರಿ ತೋರಿಸಿದರು. ಒಣಗಿದ ಪ್ಲೇಟನ್ನು ಪೆಟ್ಟಿಗೆಯಲ್ಲಿಟ್ಟು ಬೇಕಾದಾಗ ಬಳಸುವಂತಾಯಿತು. ಅಲ್ಲಿಂದ ಮುಂದೆ ಇದರದೇ ರಾಜ್ಯ.

ವಿಜ್ಞಾನಿಗಳು ಇದರ ಬದಲಿಗೆ ಬೇರೆ ಅಂಟು ಹುಡುಕದೆ ಇರಲಿಲ್ಲ. ಇದರಷ್ಟು ಚೆನ್ನಾಗಿ ಯಾವುದೂ ಒದಗಲಿಲ್ಲ. ಅದಕ್ಕೊಂದು ವಿಚಿತ್ರ ಕಾರಣವನ್ನು ಕೊಡಾಕ್ ಸಂಸ್ಥೆಯ ಸ್ಯಾಮ್ಯುಯೆಲ್ ಶೆಪರ್ಡ್ 1925ರ ಹೊತ್ತಿಗೆ ಪತ್ತೆ ಮಾಡಿದರು. ಕೆಲವು ಜೆಲಾಟಿನ್ ಬಳಸಿದ ಫಿಲ್ಮು ಬೆಳಕಿಗೆ ಚುರುಕು, ಕೆಲವು ಮಂದ. ಹುಡುಕುತ್ತ ಹೋದರೆ ಜೆಲಾಟಿನ್‌ನಲ್ಲಿದ್ದ ಗಂಧಕದ ಅತಿ ಸೂಕ್ಷ್ಮ ಅಂಶವೇ ಆ ಚುರುಕಿಗೆ ಕಾರಣ. ದನ ಮೇದ ಸಾಸಿವೆ ಜಾತಿಯ ಗಿಡಗಳಿಂದ ಅದು ಬಂದಿತ್ತು. ದನ ತಿಂದ ಮೇವು ಫೋಟೋದ ಮೇಲೆ ಮೂಡಿತು! ಆಹಾರದ ಗುಣ ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ ಇದೂ ಒಂದು ಸಾಕ್ಷಿ.

1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನಪೂರ್ವಕ ಸಮಾಧಿ ಹೊಂದಿದ ಶಾಂತಿಸಾಗರ ಮಹಾರಾಜರ ಚಿತ್ರಗಳೂ ಇಂತಹ ಫಿಲ್ಮಿನ ಮೇಲೆಯೇ ಮೂಡಿದವು. ಹೆಜ್ಜೆ ಇಡುವ ಮೊದಲು ಪಿಂಛಿಯಿಂದ ನೆಲ ಶೋಧಿಸಿದ ಮಹಾತ್ಮರ ಬಿಂಬ ಎಲುಬಿನ ಅಂಟಿನ ಮೇಲೆ ನಿಂತಿದೆ ಎಂದರೆ ಮನಸ್ಸಿಗೆ ನೋವಾಗುತ್ತದೆ. ಹಾಗಾದರೆ ಈ ಚಿತ್ರಗಳನ್ನು ಏನು ಮಾಡಬೇಕು?

ನಮ್ಮ ಅಭಿಪ್ರಾಯ ಹೀಗಿದೆ. ಹಿಂಸೆಯ ದೋಷವನ್ನು ಕೃತ, ಕಾರಿತ, ಅನುಮೋದನೆ ಎಂದು ಮೂರು ಬಗೆಯಾಗಿ ಎಣಿಸುತ್ತೇವೆ. ಐವತ್ತು ಅರವತ್ತು ವರ್ಷದ ಹಿಂದಿನ ನೆಗೆಟಿವ್ ಅನ್ನು ಕಾಪಾಡುವುದರಿಂದ ಹೊಸ ಹಿಂಸೆ ನಡೆಯುವುದಿಲ್ಲ, ನಡೆಸಿದಂತೆಯೂ ಆಗುವುದಿಲ್ಲ. ಎಸೆಯುವುದರಿಂದ ಆಗಿಹೋದ ಹಿಂಸೆ ಕಡಿಮೆಯಾಗುವುದೂ ಇಲ್ಲ, ಹಿರಿಯರ ನೆನಪು ಮಾತ್ರ ಹೋಗುತ್ತದೆ. ಹೊಸ ಫಿಲ್ಮು, ಹೊಸ ಬ್ರೋಮೈಡ್ ಕಾಗದ ಕೊಳ್ಳುವ ಮಾತು ಬೇರೆ. ಅದು ಕಾರಿತಕ್ಕೆ ಹತ್ತಿರ. ಅಣುವ್ರತ ಹಿಡಿದವರು ತಮ್ಮ ಗುರುಗಳನ್ನು ಕೇಳಿ ನಿರ್ಣಯಿಸಲಿ. ಹವ್ಯಾಸಕ್ಕಾಗಿ ಕತ್ತಲೆ ಕೋಣೆ ತೆರೆಯುವ ನಮ್ಮ ಯುವಕರು ಈ ವಿಷಯ ತಿಳಿದೇ ತೆರೆಯಲಿ.

ಜೆಲಾಟಿನ್ ಇಲ್ಲದ ದಾರಿಗಳು

ಇಂದಿನ ಕಾಲದಲ್ಲಿ ಬೇರೆ ದಾರಿ ಇಲ್ಲವೆನ್ನುವಂತಿಲ್ಲ. ಹಳೆಯ ನೆಗೆಟಿವ್ ಅನ್ನು ಬಿಳಿ ಬೆಳಕಿನ ಹಲಗೆಯ ಮೇಲಿಟ್ಟು ಡಿಜಿಟಲ್ ಕ್ಯಾಮೆರಾದಿಂದ ಪ್ರತಿ ತೆಗೆಯಬಹುದು, ಇಲ್ಲವೆ ಸ್ಕ್ಯಾನ್ ಮಾಡಿಸಬಹುದು. ಕಂಪ್ಯೂಟರಿನಲ್ಲಿ ಕಪ್ಪು-ಬಿಳಿ ತಿರುಗಿಸಿದರೆ ಚಿತ್ರ ಸಿದ್ಧ. ಕತ್ತಲೆ ಕೋಣೆಯ ಕೈಚಳಕವನ್ನೆಲ್ಲ ಅಲ್ಲಿಯೂ ಮಾಡಬಹುದು. ಅದನ್ನು ಅರಳೆ ಕಾಗದದ ಮೇಲೆ ಮುದ್ರಿಸಿದರೆ ಗೋಡೆಗೆ ಸಾಕು. ಆದರೆ ಪ್ರಿಂಟರಿನ ಹೊಳಪು ಕಾಗದಗಳಲ್ಲಿಯೂ ಕೆಲವಕ್ಕೆ ಜೆಲಾಟಿನ್ ಲೇಪ ಇರುತ್ತದೆ, ಕೇಳಿ ಕೊಳ್ಳಬೇಕು.

ಕೈಯಿಂದಲೇ ಮಾಡಬೇಕೆಂಬ ಆಸೆ ಇದ್ದವರಿಗೆ ಟಾಲ್ಬಟ್ ಕಾಲದ ಉಪ್ಪಿನ ಕಾಗದ ಇದೆ. ಒಳ್ಳೆಯ ಕಾಗದವನ್ನು ತೆಳು ಉಪ್ಪುನೀರಿನಲ್ಲಿ ಅದ್ದಿ ಒಣಗಿಸಿ, ಮಂದ ಬೆಳಕಿನಲ್ಲಿ ಸಿಲ್ವರ್ ನೈಟ್ರೇಟ್ ಬಳಿದು ಒಣಗಿಸುವುದು. ಅದರ ಮೇಲೆ ನೆಗೆಟಿವ್ ಇಟ್ಟು ಗಾಜಿನಿಂದ ಒತ್ತಿ ಬಿಸಿಲಿಗೆ ಹಿಡಿದರೆ ಕಂದು ಬಣ್ಣದ ಚಿತ್ರ ಮೂಡುತ್ತದೆ. ಹೈಪೋ, ತೊಳೆಯುವಿಕೆ ಮೊದಲಿನಂತೆಯೇ. ಸಿಲ್ವರ್ ನೈಟ್ರೇಟ್ ಕೈ ಕಪ್ಪು ಮಾಡುತ್ತದೆ, ಕಣ್ಣಿಗೆ ಅಪಾಯ. ಕೈಗವಸು, ಕನ್ನಡಕ ಬೇಕು, ಮಕ್ಕಳಿಗೆ ಕೊಡಬಾರದು. ಮಕ್ಕಳ ಜೊತೆ ಮಾಡಲು ಹರ್ಷೆಲ್ 1842ರಲ್ಲಿ ಕಂಡುಹಿಡಿದ ಸಯನೋಟೈಪ್ ಒಳ್ಳೆಯದು. ಅದರಲ್ಲಿ ಬೆಳ್ಳಿ ಇಲ್ಲ, ಕಬ್ಬಿಣದ ಲವಣ. ಬಿಸಿಲು ಕೊಟ್ಟು ನೀರಿನಲ್ಲಿ ತೊಳೆದರೆ ಸಾಕು, ನೀಲಿ ಚಿತ್ರ. ಚಿತ್ರ ಬರೆಯುವ ಕಾಗದಗಳಲ್ಲಿ ಕೆಲವಕ್ಕೆ ಜೆಲಾಟಿನ್ ಗಂಜಿ ಹಾಕಿರುತ್ತಾರೆ, ಇಲ್ಲಿಯೂ ವಿಚಾರಿಸಬೇಕು. ಈ ಎರಡೂ ವಿಧಾನಗಳಲ್ಲಿ ಹಳೆಯ ನೆಗೆಟಿವ್ ಅನ್ನು ಬಿಸಿಲಿಗೆ ಒಡ್ಡದೆ, ಅದರ ಡಿಜಿಟಲ್ ಪ್ರತಿಯಿಂದ ಪಾರದರ್ಶಕ ಹಾಳೆಯ ಮೇಲೆ ಹೊಸ ನೆಗೆಟಿವ್ ಮುದ್ರಿಸಿಕೊಂಡು ಬಳಸುವುದು ಜಾಣತನ.

ಊಟಿಯ ಇಂದು, ಕರಗಿದ ಬೆಳ್ಳಿ

ಫಿಲ್ಮು ಮತ್ತು ಕಾಗದ ಒಂದು ಕಾಲದಲ್ಲಿ ನಮ್ಮ ಪಕ್ಕದಲ್ಲೇ ತಯಾರಾಗುತ್ತಿದ್ದವು. ನೀಲಗಿರಿಯ ಊಟಿಯಲ್ಲಿ ಕೇಂದ್ರ ಸರ್ಕಾರದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸಂಸ್ಥೆ 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಕೆಲಸ ಆರಂಭಿಸಿತು. ಅದರ ಮಾಲಿನ ಹೆಸರು ಇಂದು. ಇಂದು ಫಿಲ್ಮು, ಇಂದು ಬ್ರೋಮೈಡ್ ಕಾಗದ, ಆಸ್ಪತ್ರೆಗಳಿಗೆ ಎಕ್ಸ್‌ರೇ ಫಿಲ್ಮು ಅಲ್ಲಿಂದ ದೇಶಕ್ಕೆಲ್ಲ ಹೋಗುತ್ತಿದ್ದವು. 1996ರಲ್ಲಿ ಅದು ರೋಗಗ್ರಸ್ತ ಉದ್ಯಮವೆಂದು ಘೋಷಿತವಾಯಿತು, 2014ರಲ್ಲಿ ಮುಚ್ಚುವ ತೀರ್ಮಾನವಾಯಿತು. ಹೊರದೇಶದಲ್ಲಿ ಕೊಡಾಕ್ ಕೂಡ 2005ರಲ್ಲಿ ಕಪ್ಪು-ಬಿಳುಪು ಕಾಗದ ತಯಾರಿಕೆ ನಿಲ್ಲಿಸಿತು. ಇಂಗ್ಲೆಂಡಿನ ಇಲ್ಫೋರ್ಡ್, ಝೆಕ್ ದೇಶದ ಫೋಮಾ ಮುಂತಾದವರು ಇಂದಿಗೂ ತಯಾರಿಸುತ್ತಿದ್ದಾರೆ.

ವಸ್ತು ಕಡಿಮೆಯಾದಂತೆ ಹಳೆಯದರ ಮೇಲೆ ಗುಜರಿಯವರ ಕಣ್ಣು ಬಿತ್ತು. ಫಿಲ್ಮಿನಲ್ಲಿ ಬೆಳ್ಳಿ ಇದೆಯಲ್ಲ! ಎಕ್ಸ್‌ರೇ ಹಾಳೆಗಳನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುವುದು ಎಲ್ಲರಿಗೂ ಗೊತ್ತಿರುವ ವ್ಯಾಪಾರ. ಹಿಂದೆ ಎಷ್ಟೋ ಸಿನಿಮಾ ರೀಲುಗಳೂ ಹೀಗೆಯೇ ಕರಗಿಹೋದವು. 1931ರ ಆಲಂ ಆರಾ ಭಾರತದ ಮೊದಲ ವಾಕ್ಚಿತ್ರ, 1934ರ ಸತಿ ಸುಲೋಚನಾ ಕನ್ನಡದ ಮೊದಲ ವಾಕ್ಚಿತ್ರ. ಇವೆರಡರದೂ ಒಂದೇ ಒಂದು ಪ್ರತಿ ಇಂದು ಉಳಿದಿಲ್ಲ. ಬೆಳ್ಳಿಯ ಬೆಲೆ ನಮ್ಮಲ್ಲಿ ಬಹಳ ಜನಕ್ಕೆ ಬಾಯಿಪಾಠ. ಮನೆಯ ಒಂದು ಡಬ್ಬಿ ನೆಗೆಟಿವ್‌ನಿಂದ ಬರುವ ಬೆಳ್ಳಿ ಎಷ್ಟು ಚಿಲ್ಲರೆ ಎಂದು ಅವರೇ ಲೆಕ್ಕ ಹಾಕಲಿ.

ಮನೆಯಲ್ಲಿ ಮಾಡಬೇಕಾದ ಕೆಲಸ

ಮೊದಲು ಡಬ್ಬಿಯನ್ನು ಅಟ್ಟದಿಂದ ಇಳಿಸಿ. ತಗಡಿನ ಸೂರಿನ ಕಾವು ಫಿಲ್ಮಿಗೆ ಶತ್ರು. ತಂಪಾದ, ಒಣಗಿದ, ಗಾಳಿಯಾಡುವ ಒಳಕೋಣೆಯ ಕಪಾಟು ಒಳ್ಳೆಯದು. ತೇವ ಇದ್ದರೆ ಜೆಲಾಟಿನ್ ಮೇಲೆ ಬೂಷ್ಟು ಬೆಳೆಯುತ್ತದೆ, ಹುಳ ಬರುತ್ತದೆ. ವಯನಾಡು, ಕಾಸರಗೋಡಿನ ಮಳೆ ಸೀಮೆಯವರು ಹೆಚ್ಚು ಎಚ್ಚರ ವಹಿಸಬೇಕು. ಹುಳ ಬಂದ ಮೇಲೆ ಔಷಧ ಹೊಡೆಯುವುದಕ್ಕಿಂತ, ಧಾನ್ಯದ ವಿಷಯದಲ್ಲಿ ನಾವು ಮಾಡುವಂತೆ, ಜೀವೋತ್ಪತ್ತಿಯಾಗದಂತೆ ಒಣಗಿದ ಜಾಗದಲ್ಲಿ ಇಡುವುದೇ ಧರ್ಮ.

ನೆಗೆಟಿವ್‌ಗಳನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ. ಒಂದಕ್ಕೊಂದು ಅಂಟಿದ್ದರೆ ಎಳೆಯಬೇಡಿ, ಬಲ್ಲವರಿಗೆ ತೋರಿಸಿ. ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿಡಿ, ಪಿವಿಸಿ ಪ್ಲಾಸ್ಟಿಕ್ ಚೀಲ ಬೇಡ. ಗಾಜಿನ ಪ್ಲೇಟುಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ. ಡಬ್ಬಿ ತೆರೆದಾಗ ಹುಳಿ ವಾಸನೆ ಬಂದರೆ ಫಿಲ್ಮು ಕೊಳೆಯತೊಡಗಿದೆ ಎಂದರ್ಥ. ಅಂಥವನ್ನು ಉಳಿದವುಗಳಿಂದ ಬೇರ್ಪಡಿಸಿ, ಮೊದಲು ಅವುಗಳ ಪ್ರತಿ ತೆಗೆಸಿ. ಸುಮಾರು 1950ಕ್ಕಿಂತ ಹಳೆಯ ಫಿಲ್ಮಿನಲ್ಲಿ ಬೆಂಕಿಗೆ ಭಗ್ಗನೆ ಹತ್ತುವ ನೈಟ್ರೇಟ್ ಜಾತಿಯೂ ಇರುತ್ತದೆ. ಅಂಚಿನಲ್ಲಿ ಸೇಫ್ಟಿ ಎಂಬ ಇಂಗ್ಲಿಷ್ ಅಕ್ಷರ ಇದ್ದರೆ ಆ ಭಯವಿಲ್ಲ. ಇಲ್ಲದ ಹಳೆಯ ಫಿಲ್ಮನ್ನು ದೇವರ ಕೋಣೆ, ಅಡಿಗೆ ಮನೆಯಿಂದ ದೂರವಿಡಿ.

ಪ್ರತಿ ತೆಗೆಸುವಾಗ ಬಲ ಎಡ ತಿರುಗದಂತೆ ನೋಡಿಕೊಳ್ಳಿ. ಅಂಗಡಿಯ ಬೋರ್ಡಿನ ಅಕ್ಷರ ಸರಿಯಾಗಿ ಓದಲು ಬಂದರೆ ಚಿತ್ರ ಸರಿ ಇದೆ.

ಕೊನೆಯದು, ಎಲ್ಲಕ್ಕಿಂತ ಅವಸರದ್ದು. ಹಳೆಯ ಫೋಟೋಗಳ ಬೆನ್ನಿಗೆ ಹಿರಿಯರು ಹೆಸರು, ಊರು, ತಿಥಿ ಬರೆದಿಟ್ಟಿರುತ್ತಾರೆ. ಬರಹ ಕನ್ನಡದಲ್ಲಿ, ಸೊಲ್ಲಾಪುರದ ಕಡೆ ಕೆಲವೊಮ್ಮೆ ಮೋಡಿಯಲ್ಲಿ. ಗಡಿಯಾಚೆ ಇರುವ ನಮ್ಮ ಮಕ್ಕಳು ಓದಿದ್ದು ಮರಾಠಿಯಲ್ಲಿ, ತೆಲುಗಿನಲ್ಲಿ, ತಮಿಳು, ಮಲಯಾಳ ಅಥವಾ ಇಂಗ್ಲಿಷಿನಲ್ಲಿ. ಮನೆಯಲ್ಲಿ ಕನ್ನಡ ಮಾತಾಡುವ ಮೊಮ್ಮಗನಿಗೆ ಅಜ್ಜನ ಕನ್ನಡ ಅಕ್ಷರ ಓದಲು ಬರುವುದಿಲ್ಲ. ನೆಗೆಟಿವ್ ಉಳಿದು ಹೆಸರು ಹೋದರೆ ಮುಂದಿನವರಿಗೆ ಅದು ಯಾರೋ ರುಮಾಲಿನವರ ಚಿತ್ರ, ಅಷ್ಟೇ.

ಆದ್ದರಿಂದ ಬರುವ ಚಾತುರ್ಮಾಸದಲ್ಲಿ ಬಸದಿಗೆ ಬರುವ ಹಿರಿಯರೆಲ್ಲ ಊರಲ್ಲಿರುವಾಗ ಒಂದು ಮಧ್ಯಾಹ್ನ ಇದಕ್ಕೆ ಮೀಸಲಿಡಿ. ಎಂಬತ್ತು ದಾಟಿದ ಅಜ್ಜಿಯನ್ನು ನಡುವೆ ಕೂಡಿಸಿ ಫೋಟೋಗಳನ್ನು ಒಂದೊಂದಾಗಿ ತೋರಿಸಿ. ಯಾರು, ಯಾರ ಮಗ, ಯಾವ ಪಂಚಕಲ್ಯಾಣ, ಯಾವ ಊರಿನ ಬಸದಿ ಎಂದು ಕೇಳಿ. ಹೇಳಿದ್ದನ್ನು ಕಿರ್ದಿಯಲ್ಲಿ ಬರೆಯುವಷ್ಟೇ ನಿಷ್ಠೆಯಿಂದ ಒಂದು ಪುಸ್ತಕದಲ್ಲಿ ನಂಬರು ಹಾಕಿ ಬರೆಯಿರಿ, ಕನ್ನಡದಲ್ಲಿ ಒಮ್ಮೆ, ಮಕ್ಕಳು ಓದುವ ಭಾಷೆಯಲ್ಲಿ ಇನ್ನೊಮ್ಮೆ. ಅದೇ ನಂಬರನ್ನು ನೆಗೆಟಿವ್‌ನ ಲಕೋಟೆಯ ಮೇಲೂ ಬರೆಯಿರಿ. ಅಸಲಿನ ಲೆಕ್ಕ ಇಷ್ಟು ಚೊಕ್ಕವಾಗಿದ್ದರೆ ಮುಂದಿನ ತಲೆಮಾರಿನವರು ತಮಗೆ ತಿಳಿದ ರೀತಿಯಲ್ಲಿ ಬಡ್ಡಿ ಪಡೆದುಕೊಳ್ಳುತ್ತಾರೆ.